ನಾನು ಎರೆಯದ ಬಿಸಿನೀರು

ಸಿದ್ಧಕಟ್ಟೆಯ ನಮ್ಮ ಸುತ್ತಮುತ್ತ ನನ್ನ ಕೈಯಿಂದ ನೀರು ಎರೆಸಿಕೊಳ್ಳದೆ ದೊಡ್ಡವರಾದ ಮಕ್ಕಳು ಕಡಿಮೆ. ಹೆತ್ತವಳಿಗೆ ನಲವತ್ತು ದಿನ ಮೈಗೆಲ್ಲ ಎಣ್ಣೆ ಹಚ್ಚುವುದು, ಸೊಪ್ಪು ಹಾಕಿ ಕುದಿಸಿದ ನೀರನ್ನು ಬೆನ್ನಿಗೂ ಸೊಂಟಕ್ಕೂ ಬೀಸಿ ಬೀಸಿ ಎರೆಯುವುದು, ಆಮೇಲೆ ಕಾಲು ಚಾಚಿ ಕೂತು ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸುವುದು, ಇದು ನನ್ನ ಅಮ್ಮನಿಂದ ನನಗೆ ಬಂದ ಕೆಲಸ. ಕೂಲಿಗೆ ಮಾಡಿದ್ದಲ್ಲ. ಕರೆದರು, ಹೋದೆ. ಹಾಗೆ ಮೀಯಿಸಿದವರಲ್ಲಿ ಒಬ್ಬ ಈಗ ನಾನು ಹತ್ತುವ ಬಸ್ಸಿನ ಕಂಡಕ್ಟರ್. "ಅಜ್ಜಿ, ನನ್ನ ಮೂಗು ಎಳೆದು ಎಳೆದು ಇಷ್ಟು ಉದ್ದ ಮಾಡಿದ್ದು ನೀವೇ ಅಂತೆ" ಎಂದು ಬಸ್ಸಿನ ಜನರೆಲ್ಲ ಕೇಳುವ ಹಾಗೆ ಹೇಳುತ್ತಾನೆ. ಹೌದು, ನಾನೇ. ಎಳೆಯದಿದ್ದರೆ ಮುಖದಲ್ಲಿ ಮೂಗು ಎಲ್ಲಿ ಉಂಟು ಎಂದು ಹುಡುಕಬೇಕಿತ್ತು.

ನನ್ನ ಸ್ವಂತ ಮಗನ ಮಗಳಿಗೆ ಮಾತ್ರ ನಾನು ಆ ನೀರು ಎರೆಯಲಿಲ್ಲ. ಅವಳನ್ನು ಹೆತ್ತ ಸೊಸೆಗೂ ಎರೆಯಲಿಲ್ಲ. ಬೇಡ ಎಂದು ಯಾರೂ ಹೇಳಿರಲಿಲ್ಲ. ಬೇಡ ಎನ್ನುತ್ತಿದ್ದಾರೆ ಎಂದು ನಾನು ತಿಳಿದುಕೊಂಡೆ, ಅಷ್ಟೇ. ಅದಾಗಿ ಆರು ವರ್ಷ ಕಳೆಯಿತು.

ನಾನು ಕಲಿತದ್ದು ಮೂರನೇ ಕ್ಲಾಸು. ಆಮೇಲೆ ಮಡಿಲಿಗೆ ಬಂದದ್ದು ಬೀಡಿ ಕಟ್ಟುವ ತಡ್ಪೆ, ಅಂದರೆ ಮೊರ. ಐವತ್ತು ವರ್ಷ ಅದೇ ಮೊರದಲ್ಲಿ ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ನೂಲು ಬಿಗಿದೆ. ಕಟ್ಟಿದ ಬೀಡಿಯನ್ನು ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋದರೆ ಅಲ್ಲಿ ಒಬ್ಬ ಚೆಕ್ಕರ್ ಇರುತ್ತಾನೆ. ಅವನು ನಮ್ಮ ಮುಖ ನೋಡುವುದಿಲ್ಲ. ಕಟ್ಟಿನಿಂದ ನಾಲ್ಕು ಬೀಡಿ ಎಳೆಯುತ್ತಾನೆ, ಎರಡು ಬೆರಳಿನಲ್ಲಿ ಒತ್ತುತ್ತಾನೆ, ಸಡಿಲ ಕಂಡರೆ ಮುರಿದು ಬದಿಗೆ ಎಸೆಯುತ್ತಾನೆ. ಒಂದು ಮಾತು ಇಲ್ಲ. ನಾವು ಹೆಂಗಸರು ಸಾಲಾಗಿ ನಿಂತು ಅವನ ಬೆರಳನ್ನೇ ನೋಡುತ್ತಿದ್ದೆವು. ಹತ್ತು ವರ್ಷದ ಹುಡುಗಿಯಾಗಿದ್ದಾಗಿನಿಂದ ಹಾಗೆ ನಿಂತವಳಿಗೆ ಒಂದು ಅಭ್ಯಾಸ ಬೀಳುತ್ತದೆ. ಕಲಿತವರು ಯಾರು ಎದುರು ಬಂದರೂ ಅವರು ಬೆರಳಲ್ಲಿ ಒತ್ತಿ ನೋಡಲಿಕ್ಕೇ ಬಂದವರು ಎಂದು ಕಾಣುತ್ತದೆ. ನನ್ನನ್ನು ಮುರಿದು ಎಸೆಯುವ ಮೊದಲು ನಾನೇ ಒಂದು ಗಡುಸು ಮಾತು ಹೇಳಿ ಮುಗಿಸುತ್ತಿದ್ದೆ. ಊರವರು ಅದಕ್ಕೆ ನನ್ನನ್ನು ಬಾಯಿ ಜೋರಿನವಳು ಎಂದರು. ಜೋರು ಅಲ್ಲ ಅದು, ಹೆದರಿಕೆ. ಅದನ್ನು ಒಪ್ಪಿಕೊಳ್ಳಲಿಕ್ಕೆ ನನಗೆ ಇಷ್ಟು ವಯಸ್ಸಾಗಬೇಕಾಯಿತು.

ಮಗ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಲ್ಯಾಬಿನ ಕೆಲಸಕ್ಕೆ ಸೇರಿದ್ದ. ಒಂದು ಆದಿತ್ಯವಾರ ಒಬ್ಬಳನ್ನು ಕರೆದುಕೊಂಡು ಬಂದು, "ಅಮ್ಮ, ಇವಳನ್ನು ಮದುವೆ ಆಗ್ತೇನೆ" ಎಂದ. ಗದಗದ ಕಡೆಯವಳು, ಕಲಿಯಲಿಕ್ಕೆ ಮೂಡುಬಿದಿರೆಗೆ ಬಂದು ಅಲ್ಲೇ ಹೈಸ್ಕೂಲಿನಲ್ಲಿ ಟೀಚರ್ ಆದವಳು. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದರು, ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ಜಾತಿ ಬೇರೆ. ಊರು ಮಾತಾಡಿತು. ನಾನು ಮಾತಾಡಲಿಲ್ಲ. ನನಗೆ ಸಿಟ್ಟೇನೂ ಇರಲಿಲ್ಲ, ಹುಡುಗಿ ಕಣ್ಣಿಗೆ ಚಂದ ಇದ್ದಳು, ಮಗನಿಗೆ ಬೇಕಾಗಿತ್ತು. ಟೀಚರೊಟ್ಟಿಗೆ ಏನು ಮಾತಾಡುವುದೆಂದು ಗೊತ್ತಾಗದೆ ಸುಮ್ಮನಿದ್ದೆ. ಅವಳು ಅದನ್ನು ಒಪ್ಪಿಗೆ ಇಲ್ಲ ಎಂದು ಲೆಕ್ಕ ಹಾಕಿದಳು.

ಮದುವೆಯಾದ ಮೇಲೆ ಅವರಿಬ್ಬರೂ ಮೂಡುಬಿದಿರೆಯಲ್ಲೇ ಬಾಡಿಗೆ ಮನೆ ಮಾಡಿದರು. ರಜೆ ಇದ್ದರೆ ಬಸ್ಸಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ನಾವು ತುಳು ಮಾತಾಡುವವರು. ಅವಳೊಟ್ಟಿಗೆ ಮಾತ್ರ ನಾನು ಶಾಲೆಯ ಕನ್ನಡ ತೆಗೆಯುತ್ತಿದ್ದೆ, 'ನೀವು' ಎನ್ನುತ್ತಿದ್ದೆ, ಬ್ಯಾಂಕಿನ ಮೇನೇಜರರಿಗೆ ಹೇಳುವ ಹಾಗೆ. ಮಗ ನಗುತ್ತಿದ್ದ. "ಅವಳೆಂತ ಇನ್ಸ್‌ಪೆಕ್ಷನ್ನಿಗೆ ಬಂದದ್ದಾ ಅಮ್ಮ?"

ಹಾಗೇ ಕಾಣುತ್ತಿತ್ತು ನನಗೆ. ನಾನು ಅಡಿಗೆ ಮಾಡುವಾಗ ಬಾಗಿಲಿನಲ್ಲಿ ನಿಂತು ನೋಡುತ್ತಿದ್ದಳು. ತೆಂಗಿನಕಾಯಿ ಎಷ್ಟು, ಹುಳಿ ಎಷ್ಟು ಎಂದು ಕೇಳುತ್ತಿದ್ದಳು. "ಬಿಡ್ರಿ ಅತ್ತೆ, ನಾ ಮಾಡ್ತೀನಿ" ಎಂದು ಪಾತ್ರೆ ತೊಳೆಯಲು ಬಂದರೆ, ನಾನು ತೊಳೆದದ್ದು ಸರಿಯಾಗಲಿಲ್ಲವೇನೋ ಎಂದು ನೋಡುತ್ತಿದ್ದೆ. ಒಂದು ಸಲ ಸಾರು ಬಡಿಸಿಕೊಂಡು, "ಇದಕ್ಕ ಏನ್ ಹಾಕೀರಿ?" ಎಂದಳು. "ವಿಷ ಹಾಕಿಲ್ಲ, ಊಟ ಮಾಡಿ" ಎಂದೆ. ಮಗ ಜೋರಾಗಿ ನಕ್ಕ. ಅವಳೂ ನಕ್ಕಳು, ಆದರೆ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಅವಳಿಗೆ ಆ ಸಾರು ರುಚಿಯಾಗಿತ್ತಂತೆ. ಕಲಿತುಕೊಳ್ಳಬೇಕು ಎಂದಿತ್ತಂತೆ. ಇದೂ ನನಗೆ ತಿಳಿದದ್ದು ತಡವಾಗಿ.

ಮದುವೆಯ ಮರುವರ್ಷ ಒಮ್ಮೆ ಬಂದಾಗ ನಾನು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದೆ. ಅವಳು ಹತ್ತಿರ ಬಂದು ಕೂತವಳು ತಟ್ಟನೆ ಮುಖ ಆಚೆ ತಿರುಗಿಸಿದಳು. ಸೆರಗು ಮೂಗಿಗೆ ಒತ್ತಿಕೊಂಡಳು. ಎದ್ದು ಒಳಗೆ ಹೋದಳು. ನಾನು ನನ್ನ ಕೈ ನೋಡಿಕೊಂಡೆ. ಹೊಗೆಸೊಪ್ಪಿನ ಬಣ್ಣ ಉಗುರಿನ ಸಂದಿಗೆ ಸೇರಿ ಹೋಗಿದೆ, ಸಾಬೂನಿಗೆ ಬಿಡುವುದಿಲ್ಲ. ವಾಸನೆ ನಮಗೆ ಗೊತ್ತಾಗುವುದಿಲ್ಲ, ಬೇರೆಯವರಿಗೆ ಗೊತ್ತಾಗುತ್ತದೆ. ಓಹೋ, ಇದಾ ವಿಷಯ ಎಂದುಕೊಂಡೆ. ಆ ದಿನದಿಂದ ಅವಳು ಬಂದರೆ ನಾನು ಎರಡು ಮಾರು ದೂರ ಕೂರುವುದು. ಅವಳ ಬಟ್ಟಲು ಮುಟ್ಟುವ ಮೊದಲು ಬೂದಿ ಹಾಕಿ ಕೈ ಉಜ್ಜುವುದು, ಅದೂ ಅವಳಿಗೆ ಕಾಣುವ ಹಾಗೆ.

ಎಷ್ಟೋ ಬಸುರಿಯರನ್ನು ಕಂಡ ನನಗೆ ಅದು ಏನೆಂದು ಗೊತ್ತಾಗಬೇಕಿತ್ತು. ಬೇರೆ ಮನೆಯ ಹುಡುಗಿ ಹಾಗೆ ಮುಖ ತಿರುಗಿಸಿದ್ದರೆ, "ಎಷ್ಟು ತಿಂಗಳಾಯ್ತೇ?" ಎಂದು ಅಲ್ಲೇ ಕೇಳುತ್ತಿದ್ದೆ. ಇವಳಲ್ಲಿ ಕೇಳಲಿಲ್ಲ. ನಾನು ಅವಳ ಮುಖ ನೋಡಲೇ ಇಲ್ಲ, ಅವಳ ಮುಖದಲ್ಲಿ ನನ್ನನ್ನು ನೋಡಿಕೊಂಡೆ. ಮೂರು ತಿಂಗಳು ತುಂಬಿದ ಮೇಲೆ ಮಗ ಫೋನ್ ಮಾಡಿ ಹೇಳಿದ. ಖುಷಿಯಾಯಿತು. ಆದರೆ ಆ ಸೆರಗು ಮೂಗಿಗೆ ಒತ್ತಿಕೊಂಡದ್ದು ಮನಸ್ಸಿನಿಂದ ಹೋಗಲಿಲ್ಲ.

ಐದನೇ ತಿಂಗಳಲ್ಲಿ ಇಬ್ಬರೂ ಬಂದರು. ಮಧ್ಯಾಹ್ನ ಊಟವಾಗಿ ಮಗ ಮಲಗಿದ್ದ. ನಾನು ಜಗಲಿಯ ಈ ಕೊನೆಯಲ್ಲಿ ಮೊರ ಹಿಡಿದು ಕೂತಿದ್ದೆ, ಅವಳು ಆ ಕೊನೆಯಲ್ಲಿ ಕಂಬಕ್ಕೆ ಒರಗಿದ್ದಳು. ಅಲ್ಲಿಂದಲೇ ಕೇಳಿದಳು:

"ಅತ್ತೆ, ಇಲ್ಲಿ ಬಾಣಂತಿಗೆ ಏನೇನು ಮಾಡ್ತಾರ್ರಿ?"

ನಾನು ತಲೆ ಎತ್ತಲಿಲ್ಲ. "ನಮ್ಮದೆಲ್ಲ ಹಳೇ ಕ್ರಮ. ಎಣ್ಣೆ, ಬಿಸಿನೀರು, ಮೆಂತೆ ಗಂಜಿ. ನಿಮಗೆ ಡಾಕ್ಟ್ರು ಹೇಳಿದ ಹಾಗೆ ಆಗ್ಬೇಕಲ್ಲ."

"ಡಾಕ್ಟ್ರು ನೀರು ಎರೆಯೂದಿಲ್ಲಲ್ರಿ," ಎಂದು ಸಣ್ಣಗೆ ನಕ್ಕಳು. "ಆಜುಬಾಜಿನವರೆಲ್ಲ ಹೇಳ್ತಾರ, ನಿಮ್ಮ ಕೈ ಭಾಳ ಚಲೋ ಅಂತ."

"ಕೈಯಲ್ಲಿ ಹೊಗೆಸೊಪ್ಪಿನ ವಾಸನೆ ಉಂಟು," ಎಂದೆ.

ನಾನು ನೂಲು ಬಿಗಿದೆ. ಅವಳಿಗೆ ಬೇಕಾದ ಹಾಗೆ ಉತ್ತರ ಕೊಟ್ಟೆ ಎಂದು ಸಮಾಧಾನ ಬೇರೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮಲ್ಲಿ ಮೊದಲ ಹೆರಿಗೆ ತವರಿನದ್ದು. ಏಳನೇ ತಿಂಗಳಲ್ಲಿ ಗಂಡನ ಮನೆಯಲ್ಲಿ ಬಯಕೆ ಶಾಸ್ತ್ರ ಮಾಡಿ, ಹಸಿರು ಸೀರೆ ಉಡಿಸಿ, ಹೂ ಮುಡಿಸಿ, ತವರಿನವರ ಕೈಗೆ ಒಪ್ಪಿಸಬೇಕು. ತವರಿನವರು ತಾವಾಗಿ 'ನಮ್ಮಿಂದ ಆಗ್ಲಿಕ್ಕಿಲ್ಲ' ಎಂದರೆ ಅವರ ಮರ್ಯಾದೆ ಹೋಗುತ್ತದೆ. ಅತ್ತೆ ತಾನಾಗಿ 'ಇಲ್ಲೇ ಇರಲಿ' ಎಂದರೆ ತವರನ್ನು ಸಣ್ಣದು ಮಾಡಿದ ಹಾಗಾಗುತ್ತದೆ. ಆದ್ದರಿಂದ ಇಬ್ಬರೂ ಸುತ್ತಿ ಬಳಸಿ ಮಾತಾಡುತ್ತಾರೆ, ಒಬ್ಬರ ಮುಖ ನೋಡಿ ಇನ್ನೊಬ್ಬರು ತಿಳಿದುಕೊಳ್ಳಬೇಕು. ಮುಖ ನೋಡದವರಿಗೆ ಈ ಕ್ರಮದಲ್ಲಿ ಜಾಗ ಇಲ್ಲ.

ಬಯಕೆಯ ದಿನ ಚಿಕ್ಕಮ್ಮ ಗದಗದಿಂದ ಒಬ್ಬರೇ ಬಂದಿದ್ದರು. ಬಡ ಹೆಂಗಸು, ಕೈಯಲ್ಲಿ ರೊಟ್ಟಿಯ ಗಂಟು, ಶೇಂಗಾ ಹೋಳಿಗೆ. ಊಟವಾದ ಮೇಲೆ ನನ್ನ ಹತ್ತಿರ ಕೂತು ಹೇಳಿದರು, "ನಮ್ಮದು ಎರಡೇ ಖೋಲಿ ಮನಿರಿ. ಬ್ಯಾಸಗಿಯಾಗ ನೀರಿಗೂ ತ್ರಾಸ. ಆದ್ರೂ ನಮ್ಮ ಹುಡುಗಿ ಅಲ್ರಿ, ಹೆಂಗರ ಮಾಡ್ತೀವಿ."

ಹೇಳಿ ನನ್ನ ಮುಖ ನೋಡಿದರು. ಕಾದರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ನಿಮ್ಮಲ್ಲಿ ನೀರು ಭಾಳ ಅದ, ಪುಣ್ಯವಂತರು" ಎಂದರು.

ಹಸಿರು ಸೀರೆ ಉಟ್ಟ ಸೊಸೆ ಆಚೆ ಚಾಪೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಅವಳ ನೋಟ ನನಗೆ ತಿಳಿಯದೇ ಹೋಯಿತು ಎಂದು ಹೇಳಿದರೆ ಸುಳ್ಳು. ಒಂದು ಕ್ಷಣ ಇವಳು ಇಲ್ಲಿರಬೇಕೆಂದು ಕೇಳುತ್ತಿದ್ದಾಳೋ ಎಂದು ಅನ್ನಿಸಿತು. ಮರುಕ್ಷಣ, ಈ ಮುದುಕಿ ಎಲ್ಲಿ 'ಇಲ್ಲೇ ಇರು' ಎನ್ನುತ್ತಾಳೋ ಎಂದು ಹೆದರಿದ್ದಾಳೆ, ಬಾಯಿ ಬಿಟ್ಟರೆ ನನ್ನ ಮರ್ಯಾದೆ ಹೋಗುತ್ತದೆ ಎಂದು ಅನ್ನಿಸಿತು. ಎರಡನೆಯದನ್ನೇ ಹಿಡಿದುಕೊಂಡೆ. ನನಗೆ ಅದು ಅಭ್ಯಾಸದ್ದು.

"ನಿಮ್ಮ ಹುಡುಗಿ, ನಿಮ್ಮ ಇಷ್ಟ," ಎಂದೆ.

ಚಿಕ್ಕಮ್ಮ ಎದ್ದು ಗಂಟು ಕಟ್ಟಿದರು, ಸೊಸೆಯನ್ನು ಕರೆದುಕೊಂಡು ಗದಗಕ್ಕೆ ಹೊರಟರು. ಆ ಸಂಜೆ ಪಕ್ಕದ ಮನೆಯವಳು, ನನ್ನೊಟ್ಟಿಗೆ ಬೀಡಿ ಕಟ್ಟಿಯೇ ಮುದುಕಿಯಾದವಳು, ಬೇಲಿಯಾಚೆಯಿಂದ ಕೂಗಿ ಕೇಳಿದಳು:

"ಎಂತ ಮಾರಾಯ್ತಿ, ಊರಿನವರಿಗೆಲ್ಲ ನೀರು ಎರೆಯುವವಳು ಸೊಸೆಯನ್ನು ನೀರಿಲ್ಲದ ಊರಿಗೆ ಕಳಿಸಿದ್ದಾ?"

"ಅವಳಿಗೆ ತವರು ಉಂಟು," ಎಂದೆ.

"ಉಂಟು, ಉಂಟು. ನಿನಗೆ ಕೊಬ್ಬು ಕೂಡ ಉಂಟು."

ಅವಳೊಟ್ಟಿಗೆ ನಾಲ್ಕು ದಿನ ಮಾತು ಬಿಟ್ಟೆ. ಅವಳು ಹೇಳಿದ್ದು ಸರಿ ಇತ್ತು.

ಹೆಣ್ಣು ಮಗು ಹುಟ್ಟಿತು. ಹೆಸರಿಡುವ ದಿನ ಮಗನೊಟ್ಟಿಗೆ ನಾನೂ ಹೋದೆ. ಎರಡು ಕೋಣೆಯ ಮನೆ ಎಂದು ಚಿಕ್ಕಮ್ಮ ಹೇಳಿದ್ದು ನಿಜವೇ ಆಗಿತ್ತು. ಬೆಳಿಗ್ಗೆ ಬಾಣಂತಿಗೆ ನೀರು ಎರೆಯಲಿಕ್ಕೆ ಎರಡು ಬಕೆಟ್ ಇಟ್ಟಿದ್ದರು. ಎರಡು! ನಾನು ಒಬ್ಬಳಿಗೆ ದೊಡ್ಡ ಹಂಡೆ ಪೂರ್ತಿ ಖಾಲಿ ಮಾಡುವವಳು. ಆ ಬಕೆಟ್‌ಗಳನ್ನೇ ನೋಡುತ್ತಾ ನಿಂತೆ. ನೋಡುತ್ತಿರುವುದನ್ನು ಚಿಕ್ಕಮ್ಮ ಕಂಡರು. ಅವರ ಮುಖ ಇಳಿದುಹೋಯಿತು, ಬಕೆಟ್‌ಗೆ ಅಡ್ಡ ಬಂದು ನಿಂತರು. ಆ ಮುಖ ನನಗೆ ಗೊತ್ತು. ಬ್ರಾಂಚಿನ ಸಾಲಿನಲ್ಲಿ ನಿಂತ ಹೆಂಗಸರ ಮುಖ ಅದು. ಅವರ ಪಾಲಿಗೆ ಆ ದಿನ ಚೆಕ್ಕರ್ ನಾನಾಗಿದ್ದೆ. ಆಗಲಾದರೂ ಸೆರಗು ಸಿಕ್ಕಿಸಿ, "ಬನ್ನಿ, ನಾನೂ ಕೈ ಹಾಕ್ತೇನೆ" ಎನ್ನಬಹುದಿತ್ತು. ಅವರ ಮನೆ, ಅವರ ಕ್ರಮ ಎಂದು ಹೊರಗೆ ಹೋಗಿ ಕೂತೆ.

ಐದು ತಿಂಗಳಾದ ಮೇಲೆ ಮಗುವನ್ನು ಕರೆದುಕೊಂಡು ಬಂದರು. ನನ್ನ ಕಾಲ ಮೇಲೆ ಮಲಗಿಸಿದರೆ ಅಳು. ಬೆನ್ನು ನೆಟ್ಟಗೆ ಮಾಡುವ ಮಗು, ಮಗುಚಿಕೊಳ್ಳುತ್ತದೆ, ನನ್ನ ಕಾಲ ಮೇಲೆ ಮಲಗಿರುವುದಿಲ್ಲ. ಆ ಪ್ರಾಯದ ಮಗುವಿಗೆ ನನ್ನ ಕೈ ಹೊಸದು. ಸೊಸೆ ಕೆಳಗೆ ಕೂತರೆ ಏಳುವಾಗ ಸೊಂಟ ಹಿಡಿದುಕೊಳ್ಳುತ್ತಿದ್ದಳು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಮಗುವಿನಿಂದಾಗಿ ನಮ್ಮ ನಡುವೆ ಮಾತು ಸ್ವಲ್ಪ ಬೆಳೆಯಿತು. ಅವಳು ತುಳು ಕಲಿತಳು, ನಾನು 'ನೀವು' ಬಿಟ್ಟೆ. ಆದರೆ ಆ ವಿಷಯದ ಹತ್ತಿರ ಇಬ್ಬರೂ ಹೋಗಲಿಲ್ಲ. ಎರಡನೇ ಮಗು ಅವರು ಬೇಡ ಎಂದರು. ಮತ್ತೊಂದು ಸಲ ನೋಡುವ ಎಂದು ಇಟ್ಟುಕೊಳ್ಳುವ ಹಾಗೂ ಇಲ್ಲ.

ಕಳೆದ ತಿಂಗಳು ಪಕ್ಕದ ಮನೆಯ ಆ ಬಾಯಿಬಡುಕಿಯ ಮಗಳು ಹೆತ್ತಳು. ನಾನು ಬೀಡಿ ಬಿಟ್ಟು ಎರಡು ವರ್ಷವಾಯಿತು, ಮಂಡಿ ನೋವು ಉಂಟು, ಆದರೂ ನೀರಿಗೆ ನನ್ನನ್ನೇ ಕರೆದರು. ಒಂದು ಆದಿತ್ಯವಾರ ಬಚ್ಚಲಿನಲ್ಲಿ ಆ ಹುಡುಗಿಗೆ ಎರೆಯುತ್ತಿದ್ದೆ. ಹೊಗೆ, ಹಬೆ. "ಅಜ್ಜೀ, ಬಿಸಿ, ಸಾಯ್ತೇನೆ" ಎಂದು ಅವಳ ಬೊಬ್ಬೆ. "ಸಾಯುವುದಾದ್ರೆ ಬೆನ್ನು ನೆಟ್ಟಗೆ ಮಾಡಿ ಸಾಯಿ" ಎಂದು ನಾನು. ತಿರುಗಿದರೆ ಬಾಗಿಲಿನಲ್ಲಿ ನನ್ನ ಸೊಸೆ, ಪುಳ್ಳಿಯ, ಅಂದರೆ ನನ್ನ ಮೊಮ್ಮಗಳ, ಕೈ ಹಿಡಿದುಕೊಂಡು ನಿಂತಿದ್ದಾಳೆ. ಮೂಡುಬಿದಿರೆಯ ಬಸ್ಸಿನಿಂದ ಇಳಿದವಳು ನನ್ನನ್ನು ಹುಡುಕಿ ಇಲ್ಲಿಗೆ ಬಂದಿದ್ದಳು. ಪುಳ್ಳಿ ಪಾಪುವನ್ನು ನೋಡಲು ಒಳಗೆ ಓಡಿತು. ಸೊಸೆ ಅಲ್ಲೇ ನಿಂತಳು, ಹಂಡೆ ಖಾಲಿಯಾಗುವವರೆಗೆ.

ಮನೆಗೆ ವಾಪಸು ಬರುವ ದಾರಿಯಲ್ಲಿ ಹೇಳಿದಳು. ಮನಸ್ಸು ತಡೆಯದಿದ್ದಾಗ ಅವಳ ಊರಿನ ಮಾತು ಬರುತ್ತದೆ.

"ಅತ್ತೆ, ಅವತ್ತು ನಾ ಕೇಳಿದ್ದು ಇದನ್ನಽ."

"ಯಾವತ್ತು?" ಎಂದೆ. ಗೊತ್ತಿತ್ತು.

"ಜಗಲಿ ಮ್ಯಾಲೆ. ನೀವು ಬೀಡಿ ಕಟ್ಟಾಕ್ಹತ್ತಿದ್ರಿ. ಬಾಣಂತಿಗೆ ಏನೇನು ಮಾಡ್ತಾರ ಅಂತ ಕೇಳಿದೆ."

"ಮಾಸ್ಟ್ರು ಪಾಠ ಕೇಳಿದ ಹಾಗೆ ಕೇಳಿದ್ದಿ. ನನಗೆ ಮಾಡ್ತೀರಾ ಅಂತ ಕೇಳ್ಬೇಕಿತ್ತು."

"ಹೆಂಗ ಕೇಳ್ಲಿ? ನೀವು ಮುಖ ಎತ್ತಿ ನೋಡ್ಲಿಲ್ಲ. ಮೊದಲಽ ತಾಯಿ ಇಲ್ಲದಾಕಿ, ಬ್ಯಾರೆ ಜಾತಿಯಾಕಿ. ಮಗನ್ನೂ ತಗೊಂಡ್ಳು, ಈಗ ಅತ್ತಿ ಕಡಿಂದ ಸೇವಾನೂ ಮಾಡಿಸ್ಕೊಳ್ಳಾಕ ಬಂದಾಳ ಅಂತೀರೇನೋ ಅಂತ ಅಂಜಿಕಿ ಆತು. ನಿಮಗ ನಾ ಬ್ಯಾಡ ಅಂತನ ತಿಳ್ಕೊಂಡಿದ್ದೆ. ದೂರ ದೂರ ಕೂಡ್ತಿದ್ರಲ್ಲ ನೀವು."

"ನೀನು ಮೂಗು ಮುಚ್ಚಿಕೊಂಡಿ."

ಅವಳು ನಿಂತುಬಿಟ್ಟಳು. "ವಾಂತಿ ಬರ್ತಿತ್ತು ಅತ್ತೆ! ಎರಡು ತಿಂಗಳಾಗಿತ್ತು. ಮೂರು ತುಂಬದಽ ಯಾರಿಗೂ ಹೇಳಬಾರದು ಅಂತ ಚಿಕ್ಕಮ್ಮ ಹೇಳಿದ್ರು. ಕಾಫಿ ವಾಸನಿ ಬಂದ್ರೂ ಓಡ್ತಿದ್ದೆ ನಾ."

ಅಷ್ಟು ಮನೆಗಳಿಗೆ ಹೋಗಿ ಬಂದವಳು ನಾನು. ಅವಳು ನನ್ನ ಮುಖ ನೋಡಿ ತನ್ನನ್ನು ಅಳೆದುಕೊಂಡಳು, ನಾನು ಅವಳ ಮುಖ ನೋಡಿ ನನ್ನನ್ನು ಅಳೆದುಕೊಂಡೆ. ಅವಳು ಚಿಕ್ಕವಳು, ಅವಳಿಗೆ ಆ ತಪ್ಪು ಸಲ್ಲುತ್ತದೆ. ನನಗೆ ಸಲ್ಲುವುದಿಲ್ಲ.

ಮನೆ ಮುಟ್ಟಿದ ಮೇಲೆ, "ಬಾ, ಬೆನ್ನಿಗೆ ಎಣ್ಣೆ ಹಚ್ಚುತ್ತೇನೆ, ಹಂಡೆಗೆ ಬೆಂಕಿ ಹಾಕ್ತೇನೆ" ಎಂದೆ.

"ಈಗ ಬೇಡ ಅತ್ತೆ," ಎಂದಳು.

ಚೆಕ್ಕರ್ ನನ್ನನ್ನು ಮುರಿದು ಎಸೆದ ಹಾಗಾಯಿತು. 'ಬೇಡದಿದ್ರೆ ಬಿಡು' ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ ಕೇಳಿದೆ:

"ಹೊತ್ತಿಲ್ಲ ಅಂತ ಬೇಡವಾ, ನಾನು ಬೇಡವಾ? ಸರಿಯಾಗಿ ಹೇಳು."

ಅವಳು ಕಣ್ಣು ದೊಡ್ಡದು ಮಾಡಿ ನೋಡಿದಳು. ಆಮೇಲೆ ನಕ್ಕಳು. "ಹೊತ್ತಿಲ್ಲ ಅತ್ತೆ. ಇವಳಿಗೆ ನಾಳೆ ಪರೀಕ್ಷೆ, ಮೂರರ ಬಸ್ಸಿಗೆ ಹೋಗ್ಬೇಕು. ಮುಂದಿನ ಆದಿತ್ಯವಾರ ಬರ್ತೇನೆ."

ಇಷ್ಟೇ ಪ್ರಶ್ನೆ. ಆರು ವರ್ಷ ಮೊದಲು ಇದನ್ನು ಕೇಳಲಿಕ್ಕೆ ನನಗೆ ಯಾವ ಶಾಲೆಯೂ ಬೇಕಾಗಿರಲಿಲ್ಲ.

ಹೇಳಿದ ಹಾಗೆ ಬಂದಳು. ಪುಳ್ಳಿ ಅಂಗಳದಲ್ಲಿ ಆಡುತ್ತಿತ್ತು. ಬಚ್ಚಲಿನ ಮಣೆಯ ಮೇಲೆ ಸೊಸೆಯನ್ನು ಕೂರಿಸಿ ಎಣ್ಣೆ ಹಚ್ಚಿದೆ. ಸೊಂಟದ ಹತ್ತಿರ ನರ ಗಂಟುಕಟ್ಟಿಕೊಂಡದ್ದು ಬೆರಳಿಗೆ ಸಿಕ್ಕಿತು. ಬಾಣಂತಿಯ ಮೈ ಹಸಿಯಾಗಿರುವಾಗ ಎಣ್ಣೆ, ಬಿಸಿನೀರು ಬಿದ್ದರೆ ಸಡಿಲಾಗುವ ಗಂಟು ಅದು. ಈಗ ಅದು ಕಲ್ಲು.

"ಹೋಗ್ತದಾ ಅತ್ತೆ ನೋವು?" ಎಂದಳು.

ಬೇರೆ ಅತ್ತೆಯಾಗಿದ್ದರೆ ಹೋಗುತ್ತದೆ ಎನ್ನುತ್ತಿದ್ದಳೋ ಏನೋ. ನನಗೆ ನನ್ನ ಕೆಲಸ ಗೊತ್ತುಂಟು.

"ಇಲ್ಲ," ಎಂದೆ. "ಇದು ಆಗ ಮಾಡ್ಬೇಕಿದ್ದದ್ದು. ಈಗ ಎರೆದರೆ ಎರಡು ದಿನ ಹಗುರ ಇರ್ತದೆ, ಅಷ್ಟೆ."

ಅವಳು ತಲೆ ಬಗ್ಗಿಸಿ ಕೂದಲನ್ನು ಮುಂದಕ್ಕೆ ತೆಗೆದುಕೊಂಡಳು.

"ಗೊತ್ತುಂಟು ಅತ್ತೆ. ನೀವು ಎರೆಯಿರಿ."